ಒಂದೇ ದರದ ಅಂಗಡಿಯಲ್ಲಿ ಚೌಕಾಸಿ

ಧಾರವಾಡದ ದರಕೋಣೆಯ ಗೋಡೆಯ ಮೇಲೆ ರಾಜ್ಯದ ಪ್ರತಿಯೊಂದು ಪುಸ್ತಕದಂಗಡಿಯೂ ಒಂದು ಹಸಿರು ಚುಕ್ಕೆ. ಯಾವುದೇ ಅಂಗಡಿ ನಿಗದಿಗಿಂತ ಒಂದು ರೂಪಾಯಿ ಕಡಿಮೆಗೆ ಪುಸ್ತಕ ಕೊಟ್ಟಿತೆಂಬ ಅನುಮಾನ ಬಂದರೆ ಅದರ ಚುಕ್ಕೆ ಕೆಂಪಾಗುತ್ತದೆ. ಆ ಸೋಮವಾರ ಚೇತನಾ ಮೊರಬ ಕೆಲಸಕ್ಕೆ ಬಂದು ಕುಳಿತಾಗ ಸಪ್ತಾಪುರದ ಒಂದು ಚುಕ್ಕೆ ಕೆಂಪಾಗಿತ್ತು. ಹಿಂದಿನ ವಾರವೊಂದರಲ್ಲೇ ಆ ಅಂಗಡಿ ನೂರಾರು ಸಲ ರಿಯಾಯಿತಿ ಕೊಟ್ಟಿದೆ ಎಂದು ಯಂತ್ರ ಹೇಳುತ್ತಿತ್ತು.

ಅಷ್ಟು ಸಲ ಅದು ಸಾಧ್ಯವೇ ಇರಲಿಲ್ಲ.

ಕಾಗದದ ಮೇಲೆ ಅಚ್ಚು ಹಾಕಿಸುವುದು ಮದುವೆ ಕಾರ್ಡಿಗಷ್ಟೇ ಉಳಿದ ಕಾಲ ಅದು. ಜನ ಓದುತ್ತಿದ್ದುದು ಅಂಗೈ ಅಗಲದ ಹಲಗೆಯ ಮೇಲೆ. ಪುಸ್ತಕದ ಅಕ್ಷರಗಳು ಎಲ್ಲರ ಹಲಗೆಗೂ ಪುಕ್ಕಟೆ ಬರುತ್ತಿದ್ದವು, ಆದರೆ ಕಲಸುಮೇಲೋಗರವಾಗಿ. ಅವನ್ನು ಓದುವಂತೆ ಮಾಡಲು ಒಂದು ಕೀಲಿ ಬೇಕು. ಕೀಲಿಯನ್ನು ನಕಲು ಮಾಡಲು ಬರುವುದಿಲ್ಲ, ತಂತಿಯಲ್ಲಿ ಕಳಿಸಲೂ ಬರುವುದಿಲ್ಲ. ಅಂಗಡಿಯ ಪೆಟ್ಟಿಗೆಗೆ ನಿಮ್ಮ ಹಲಗೆಯನ್ನು ತಾಗಿಸಿದರೆ ಮಾತ್ರ ಅದು ಇಲ್ಲಿಂದ ಅಲ್ಲಿಗೆ ದಾಟುತ್ತದೆ. ಕಳ್ಳಪ್ರತಿಗಳ ಕಾಟ ತಪ್ಪಿಸಲು ಹುಟ್ಟಿದ ಈ ಉಪಾಯದಿಂದ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಮುಚ್ಚಿಹೋಗಿದ್ದ ಪುಸ್ತಕದಂಗಡಿಗಳು ಮತ್ತೆ ಬಾಗಿಲು ತೆರೆದವು.

ತೆರೆದ ಮೇಲೆ ಜಗಳ ಶುರುವಾಯಿತು. 'ಪುಟಪೇಟೆ' ಎಂಬ ದೊಡ್ಡ ಮಳಿಗೆಯವರು ಊರೂರಿಗೆ ಬಂದು, ನಷ್ಟ ತಿಂದು, ಅರ್ಧ ಬೆಲೆಗೆ ಕೀಲಿ ಮಾರಿದರು. ಜನ ಖುಷಿಯಾಗಿ ಕೊಂಡರು. ಸಣ್ಣ ಅಂಗಡಿಗಳು ಒಂದೊಂದಾಗಿ ಮುಚ್ಚತೊಡಗಿದವು. ಇನ್ನು ಪುಟಪೇಟೆಯೊಂದೇ ಉಳಿದರೆ ನಾಳೆ ಅದು ಹೇಳಿದ್ದೇ ಬೆಲೆ ಎಂದು ಪ್ರಕಾಶಕರಿಗೆ ಹೆದರಿಕೆ ಹುಟ್ಟಿತು. ಅವರು ಒಂದು ಕೂಟ ಕಟ್ಟಿಕೊಂಡು ಬೆಲೆಯನ್ನು ಕೀಲಿಯೊಳಗೇ ಬರೆದುಬಿಟ್ಟರು. ಇನ್ನೂರೈವತ್ತರ ಕೀಲಿ ಇನ್ನೂರೈವತ್ತು ಬಿದ್ದರೇ ದಾಟುತ್ತದೆ, ಒಂದು ರೂಪಾಯಿ ಕಡಿಮೆಯಾದರೂ ಇಲ್ಲ. ಅದರಲ್ಲಿ ಅಂಗಡಿಗೆ ನೂರಕ್ಕೆ ಮೂವತ್ತು. ದೊಡ್ಡ ಅಂಗಡಿಗೂ ಅಷ್ಟೇ, ಸಣ್ಣದಕ್ಕೂ ಅಷ್ಟೇ. ಇದಕ್ಕೆ ಸರಿದರ ಎಂದು ಹೆಸರಿಟ್ಟರು. ಸಣ್ಣ ಅಂಗಡಿಗಳು ಉಳಿದವು. ಓದುವವರು ಮೊದಲಿಗಿಂತ ಹೆಚ್ಚು ದುಡ್ಡು ಕೊಡತೊಡಗಿದರು. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹೇಳುವವರು ಕಡಿಮೆ.

ಹಿಂಬಾಗಿಲಿನಿಂದ ರಿಯಾಯಿತಿ ಕೊಡುವ ದಾರಿಯೊಂದು ಮಾತ್ರ ಉಳಿದಿತ್ತು. ಪೂರ್ತಿ ಬೆಲೆ ಪೆಟ್ಟಿಗೆಗೆ ಹಾಕಿಸಿಕೊಂಡು, ಐವತ್ತು ರೂಪಾಯಿ ಕೈಯಲ್ಲಿ ವಾಪಸು ಕೊಟ್ಟರೆ ಕೀಲಿಗೆ ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಪೆಟ್ಟಿಗೆಗೂ ಒಂದು ಕಿವಿ ಇಟ್ಟಿದ್ದರು. ಅಂಗಡಿಯಲ್ಲಿ ನಡೆಯುವ ಮಾತನ್ನು ಕೇಳಿಸಿಕೊಂಡು, ಕಡಿಮೆ ಮಾಡಿದ ಮಾತೇನಾದರೂ ಬಂದರೆ ಕೂಟದ ದರಕೋಣೆಗೆ ಕಳಿಸುವ ಕಿವಿ.

ಚೇತನಾ ಸಪ್ತಾಪುರದ ಮಾತುಗಳಲ್ಲಿ ಒಂದನ್ನು ಆರಿಸಿ ಕೇಳಿದಳು.

"ಈ ಗೈಡ್ ಎಷ್ಟ ಬೇ?"

"ಮುನ್ನೂರಾ ಐವತ್ತು."

"ಏನ್, ಬಂಗಾರದ ಅಕ್ಷರ ಅದಾವೇನ ಒಳಗ? ನೂರೈವತ್ತಕ್ಕ ಕೊಡು."

"ನೂರೈವತ್ತಕ್ಕ ಮುಖಪುಟ ಬರತೈತಿ. ಒಯ್ದು ಗ್ವಾಡಿಗೆ ಹಚ್ಚಕೋ."

"ಇನ್ನೂರು. ಮ್ಯಾಲೊಂದ ಪೈಸೆ ಇಲ್ಲ. ಹೊಂಟೆ ನೋಡು."

"ಹೋಗು. ಬಾಗಲಾ ಮುಂದ ಮಾಡಿ ಹೋಗು, ಧೂಳ ಬರತೈತಿ... ಏ ನಿಂದರೋ, ನಿಮ್ಮವ್ವ ಬುತ್ತಿ ಕಟ್ಟಿ ಕಳಿಸ್ಯಾಳ, ಓದಿ ಏನರ ಆಗೀಯಂತ. ಹೋಗ್ಲಿ, ನೂರು ಕಡಿಮಿ ಮಾಡೇನಿ. ಇನ್ನೂರೈವತ್ತು ಹಾಕು."

ಹಲಗೆ ತಾಗಿದ ಸದ್ದು. ಕೀಲಿ ದಾಟಿದ ಸದ್ದು.

ದರಕೋಣೆಯ ಮುಖ್ಯಸ್ಥ ನಾಡಗೇರ ಹಿಂದೆ ನಿಂತು ಕೇಳುತ್ತಿದ್ದ. ನಗುವ ಜಾತಿಯ ಮನುಷ್ಯನಲ್ಲ. "ಬಾಯಿಬಿಟ್ಟು ಹೇಳ್ಯಾಳ, ನೂರು ಕಡಿಮಿ ಅಂತ. ಇನ್ನೇನ ಬೇಕು?"

"ಸರ್, ಕೀಲಿಯ ಬೆಲೇನ ಇನ್ನೂರೈವತ್ತು. ಪೂರ್ತಿ ಬಿದ್ದೈತಿ."

"ಹಂಗಾದ್ರ ಒಂದಿಷ್ಟು ಕೈಯಾಗ ವಾಪಸ್ ಕೊಟ್ಟಾಳ. ಎದುರಿಗಿನ ಪುಟಪೇಟೆಗಿಂತ ಆಕಿ ಅಂಗಡ್ಯಾಗ ಎರಡು ಪಟ್ಟು ಮಾರಾಟ. ದರ ಎರಡೂ ಕಡೆ ಒಂದ. ಹವಾ ಯಂತ್ರ ಅಲ್ಲೈತಿ, ಸೋಫಾ ಅಲ್ಲೈತಿ. ಮಂದಿ ಈಕಿ ಕಡೆ ಸುಮ್ನ ಹೋಗ್ತಾರ? ಹೋಗಿ ನೋಡಿ ಬಾ. ಬರೂ ಸೋಮವಾರ ಕೂಟದ ಸಭೆ ಐತಿ. ಅವತ್ತ ಆಕಿ ಕೀಲಿ ನಿಲ್ಲಿಸಿಬಿಡೋಣು."

ಕೀಲಿ ನಿಲ್ಲಿಸುವುದೆಂದರೆ ಅಂಗಡಿ ಮುಚ್ಚುವುದು. ಒಮ್ಮೆ ನಿಂತದ್ದು ಮತ್ತೆ ಸಿಕ್ಕ ಉದಾಹರಣೆ ಇರಲಿಲ್ಲ.

*

ಸಪ್ತಾಪುರದ ಆ ಅಂಗಡಿ ಎಂದರೆ ಒಂದು ಶಟರು, ಒಂದು ಮೇಜು, ಮೇಜಿನ ಮೇಲೆ ಪೆಟ್ಟಿಗೆ. ಸುತ್ತ ಕೋಚಿಂಗ್ ಕ್ಲಾಸುಗಳು, ಹಾಸ್ಟೆಲುಗಳು, ಝೆರಾಕ್ಸ್ ಅಂಗಡಿ ಇದ್ದ ಕಡೆ ಈಗ ಹಲಗೆ ರಿಪೇರಿ ಅಂಗಡಿಗಳು. ಮೇಜಿನ ಹಿಂದೆ ಐವತ್ತು ದಾಟಿದ ಪಾರವ್ವ ಕಾಲು ಮಡಚಿ ಕುರ್ಚಿಯ ಮೇಲೇ ಕುಳಿತಿದ್ದಳು. ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು, ಓಣಿ ಓಣಿ ತಿರುಗಿ, ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಟ್ಟ ಹೆಂಗಸು. ಮೊಣಕಾಲು ಕೈಕೊಟ್ಟ ಮೇಲೆ ಸರ್ಕಾರದ ಸಣ್ಣ ಅಂಗಡಿ ಯೋಜನೆಯಲ್ಲಿ ಈ ಪರವಾನಗಿ ಸಿಕ್ಕಿತ್ತು.

ಗೋಡೆಯ ಮೇಲೆ ನಿಯಮದ ಪ್ರಕಾರ ದರದ ಫಲಕ ಹೊಳೆಯುತ್ತಿತ್ತು. ಗೈಡಿನ ಮುಂದೆ ಇನ್ನೂರೈವತ್ತು ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೇ ನಿಂತು ಒಬ್ಬ ಹುಡುಗಿ ಇನ್ನೂರಕ್ಕೆ ಕೊಡು ಎಂದು ಗುದ್ದಾಡುತ್ತಿದ್ದಳು. ಪಾರವ್ವ ಮುನ್ನೂರೈವತ್ತರಿಂದ ಮುನ್ನೂರಕ್ಕೆ ಇಳಿದಿದ್ದಳು. ಹುಡುಗಿ ಹೊರಟಳು, ಬಾಗಿಲಿಂದ ತಿರುಗಿ ಬಂದಳು, ಇನ್ನೂರೈವತ್ತಕ್ಕೆ ಮುಗಿಯಿತು. ಕೈಯಲ್ಲಿ ಏನೂ ವಾಪಸು ಹೋಗಲಿಲ್ಲ. ಹುಡುಗಿ ಗೆದ್ದವಳಂತೆ ಹೋದಳು.

ಚೇತನಾ ತನ್ನ ಗುರುತಿನ ಬಿಲ್ಲೆ ತೋರಿಸಿದಳು. ಪಾರವ್ವ ಕಾಲು ಇಳಿಸಿದಳು.

"ರೊಕ್ಕಾ ವಾಪಸ್ ಕೊಡತೀರಿ ಅಂತ ಅನುಮಾನ ಐತ್ರಿ, ನಿಮ್ಮ ಮ್ಯಾಲ."

"ನಾ? ರೊಕ್ಕಾ ವಾಪಸ್?" ಪಾರವ್ವನಿಗೆ ಸಿಟ್ಟಿಗಿಂತ ಅವಮಾನವಾದಂತೆ ಕಂಡಿತು. "ಪಾತ್ರಿ ಕೊಟ್ಟು ಇಸಗೊಂಡ ಸೀರಿ ಯಾವತ್ತೂ ತಿರುಗಿ ಕೊಟ್ಟಾಕಿ ಅಲ್ಲ ನಾ. ರೊಕ್ಕಾ ವಾಪಸ್ ಕೊಡತೇನೇನು?"

"ಮತ್ತ ಮುನ್ನೂರೈವತ್ತು ಯಾಕ ಹೇಳ್ತೀರಿ? ಬೋರ್ಡ್ ಮ್ಯಾಲ ಇನ್ನೂರೈವತ್ತು ಐತಲ್ಲ."

"ಇನ್ನೂರೈವತ್ತಂತ ಹೇಳಿದ್ರ ಎಲ್ಲಿಗೆ ಇಳೀಲವಾ?"

"ಇಳೀಬಾರದು. ಒಂದೇ ದರ."

"ಇಳೀದಿದ್ರ ಅದ್ಹೆಂಗ ವ್ಯಾಪಾರ ಆಗತೈತಿ? ಒಂದೇ ದರ ಅಂದ್ರ ಕಂಡಕ್ಟರ್ ಕಡೆ ಟಿಕೀಟ ತಗೊಂಡಂಗ. ಬಂದವರು ಬೋರ್ಡ್ ಓದ್ಯಾರ, ಎಲ್ಲಾ ಕಲಿತವರ. ಆದ್ರೂ ಕೇಳತಾರ. ಅವರು ಕೇಳೂದು, ನಾ ಇಳಿಯೂದು, ಕಡೀಕ ಪೆಟಗಿ ಎಷ್ಟಂತೈತೋ ಅಷ್ಟಕ್ಕ ನಿಂದ್ರೂದು. ಯಾರಿಗೆ ಮೋಸ ಆತು ಹೇಳು?"

ಮೂಲೆಯಲ್ಲಿ ನಿಂತು ಫಲಕ ಓದುತ್ತಿದ್ದ ಒಬ್ಬ ಯುವಕ ಮಧ್ಯೆ ಬಾಯಿ ಹಾಕಿದ. ಎದುರಿನ ಹಾಸ್ಟೆಲಿನ ಕಲ್ಮೇಶ. ಎರಡು ಸಲ ಪರೀಕ್ಷೆ ಬರೆದು ಮೂರನೆಯದಕ್ಕೆ ಓದುತ್ತಿದ್ದವ.

"ಮೋಸ ಇಲ್ರೀ ಮೇಡಂ, ಬರೇ ನಾಟಕ. ಆಟ ಚಲೋ ಐತಿ, ಹೊಟ್ಟಿ ತುಂಬಂಗಿಲ್ಲ. ನನ್ನ ಕಡೆ ಇನ್ನೂರೈವತ್ತು ಇಲ್ಲ. ದಿನಾ ಬಂದು ನೂರೆಂಬತ್ತಕ್ಕ ಕೇಳತೇನಿ, ಈಕಿ ಬೈತಾಳ, ನಾ ಹೋಗತೇನಿ. ನೂರೆಂಬತ್ತು ಜೇಬಿನ್ಯಾಗ ಹಂಗ ಐತಿ."

"ಪುಟಪೇಟೆಗೂ ಹೋಗಿ ಕೇಳಿದ್ರೇನು?"

"ಅಲ್ಲಿ ಯಾರನ್ನ ಕೇಳಲಿ ಹೇಳ್ರಿ? ಅಲ್ಲಿ ಇರೂದು ಬೆಲಿ ತೋರಸೂ ಒಂದು ಪರದೆ."

"ಇವನ ಮಾತ ಬಿಡವಾ," ಎಂದಳು ಪಾರವ್ವ. "ದಿನಾ ಬಂದು ಗಂಟಲಾ ಹರಕೋತಾನ. ಇವಗ ಕೊಡಬೇಕಂತ ನನಗೂ ಐತಿ. ಪೆಟಗಿ ಬಿಡಂಗಿಲ್ಲ." ಆಮೇಲೆ ದನಿ ತಗ್ಗಿಸಿದಳು. "ನನ್ನ ಕೀಲಿ ನಿಲ್ಲಸ್ತೀರೇನ? ಖರೇ ಹೇಳು. ಮತ್ತ ಬುಟ್ಟಿ ಹೊರಾಕ ಈ ಮೊಣಕಾಲು ಏಳಂಗಿಲ್ಲ."

ಚೇತನಾ ಖರೇ ಹೇಳಿದಳು. ಸೋಮವಾರ ಸಭೆ ಇದೆ, ನಿಲ್ಲಿಸುವ ಸಾಧ್ಯತೆ ಹೆಚ್ಚು.

*

ಮನೆಯಲ್ಲಿ ಅವಳ ತಾಯಿ ಶಾವಂತ್ರಿ ಬದನೆಕಾಯಿ ಹೆಚ್ಚುತ್ತಿದ್ದಳು. ಹೊಸಯಲ್ಲಾಪುರದ ಬಾಡಿಗೆ ಮನೆ, ಇಬ್ಬರೇ ಇರುವುದು. ಚೇತನಾ ಊಟಕ್ಕೆ ಮೊದಲೇ ಕಥೆಯೆಲ್ಲ ಹೇಳಿದಳು. ಶಾವಂತ್ರಿ ಈಳಿಗೆ ನಿಲ್ಲಿಸಿ ನಕ್ಕಳು.

"ಇಂಥಾಕಿ ಅಂಗಡಿ ಮುಚ್ಚಸ್ತೀರಿ? ನಿಮಗ ಬ್ಯಾರೆ ಕೆಲಸ ಇಲ್ಲೇನು?"

"ನಿಯಮ ಐತವ್ವಾ."

"ನಿಯಮ! ಸುಭಾಸ ರೋಡಿನ್ಯಾಗ ಒಂದು ಸೀರಿ ಅಂಗಡಿ ಇತ್ತು, 'ಒಂದೇ ಮಾತು, ಒಂದೇ ದರ' ಅಂತ ಬೋರ್ಡ್ ಹಾಕಿದ್ದ. ನಿನ್ನ ಲಗ್ನಕ್ಕಂತ ಹಿಡದ ರೊಕ್ಕಾ ಇತ್ತು, ನೀ ಲಗ್ನ ಒಲ್ಲೆ ಅಂದಿ, ಒಂದು ಇಳಕಲ್ ಸೀರಿ ತಗೋಳೋಣಂತ ಹೋದೆ. ಮೂರು ಸಾವಿರ ಅಂದ. ಎರಡೂವರಿಗೆ ತಗೋತಿದ್ದೆ, ಖರೇನ. ಬೋರ್ಡ್ ತೋರಿಸಿದ. ಎದ್ದು ಬಂದೆ."

"ಹೋಗಿದ್ದು ಅವನ ಪಾಲಿಗೆ ಒಂದು ಗಿರಾಕಿ. ಅಷ್ಟ."

"ಅಷ್ಟಲ್ಲ. ನಾ ಯಾಕ ಎದ್ದು ಬಂದೆ ಅನ್ನೂದು ಅವಗ ಇವತ್ತಿಗೂ ಗೊತ್ತಿಲ್ಲ. ಸೀರಿ ಬಣ್ಣ ಸೇರಲಿಲ್ಲಂತ ತಿಳಕೊಂಡಿರತಾನ." ಬದನೆಕಾಯಿಯ ತೊಟ್ಟು ಕತ್ತರಿಸಿ ಬಿಸಾಡಿದಳು. "ಆ ಅಂಗಡಿ ಈಗಿಲ್ಲ ಬಿಡು."

ಚೇತನಾ ಎರಡು ರೊಟ್ಟಿ ಹೆಚ್ಚೇ ತಿಂದಳು. ತಲೆ ಓಡುವಾಗ ಅವಳಿಗೆ ಹಸಿವು ಜಾಸ್ತಿ.

*

ಕಿವಿ ಎಲ್ಲ ಮಾತನ್ನೂ ಕೇಳುತ್ತದೆ, ಎಲ್ಲವನ್ನೂ ಇಟ್ಟುಕೊಳ್ಳುವುದಿಲ್ಲ. ಮಾರಾಟದಲ್ಲಿ ಮುಗಿದ ಮಾತು ದರಕೋಣೆಗೆ ಬರುತ್ತದೆ. ಗಿರಾಕಿ ಕೊಳ್ಳದೆ ಹೋದರೆ ಆ ಮಾತು ಕಸ. ಕೆಲವು ವಾರ ಕಸದ ಬುಟ್ಟಿಯಲ್ಲಿದ್ದು ಅಳಿಸಿಹೋಗುತ್ತದೆ. ಮಾರಾಟವೇ ಇಲ್ಲದ ಮೇಲೆ ರಿಯಾಯಿತಿ ಎಲ್ಲಿಂದ ಬರಬೇಕು, ಅದನ್ನು ಇಟ್ಟುಕೊಂಡು ಏನು ಮಾಡಬೇಕು ಎಂದು ಯಂತ್ರ ಕಟ್ಟಿದವರು ಯೋಚಿಸಿದ್ದರು. ತಪ್ಪೇನಲ್ಲ. ಅವರು ಕಳ್ಳನನ್ನು ಹಿಡಿಯಲು ಯಂತ್ರ ಕಟ್ಟಿದ್ದರು.

ಚೇತನಾ ಮರುದಿನದಿಂದ ಕಸದ ಬುಟ್ಟಿ ಕೇಳತೊಡಗಿದಳು. ಬೇರೆ ಅಂಗಡಿಗಳ ಕಸದಲ್ಲಿ ಏನೂ ಇರಲಿಲ್ಲ. ಜನ ಬಂದಿದ್ದರು, ಫಲಕ ನೋಡಿದ್ದರು, ಹೋಗಿದ್ದರು. ಪುಟಪೇಟೆಯ ಕಸದಲ್ಲಿ ಬಾಗಿಲು ತೆರೆದು ಮುಚ್ಚಿದ ಸದ್ದು, ಹವಾ ಯಂತ್ರದ ಗುಂಯ್ ಸದ್ದು. ಪಾರವ್ವನ ಅಂಗಡಿಯ ಕಸ ಮಾತ್ರ ಸಂತೆಯಾಗಿತ್ತು. ಕೊಳ್ಳದೆ ಹೋದ ಪ್ರತಿಯೊಬ್ಬನೂ ಹೋಗುವ ಮುನ್ನ ಒಂದು ಕಡೆಯ ಬೆಲೆ ಕೂಗಿ ಹೋಗಿದ್ದ. ಗೈಡ್ ಕೇಳಿ ಹೋದವರದ್ದೆಲ್ಲ ಆಯ್ದು ಸಾಲಾಗಿ ನಿಲ್ಲಿಸಿದಳು. ಒಬ್ಬಿಬ್ಬರು ನೂರು ಅಂದಿದ್ದರು. ಕೆಲವರು ಇನ್ನೂರಿಪ್ಪತ್ತರವರೆಗೆ ಬಂದಿದ್ದರು. ಬಹಳಷ್ಟು ಜನ ನಿಂತದ್ದು ನೂರೆಂಬತ್ತರಿಂದ ಇನ್ನೂರರ ನಡುವೆ. ಕೊಂಡವರಿಗಿಂತ ಹೋದವರೇ ಹೆಚ್ಚು.

ರಾಜ್ಯದಲ್ಲಿ ಪುಸ್ತಕದ ಬೆಲೆ ಕಟ್ಟುವವರು ಪ್ರಕಾಶಕರು. ಅವರು ಗಿರಾಕಿಯ ಮುಖ ನೋಡುವುದಿಲ್ಲ. ಗಿರಾಕಿಯ ಮುಖ ನೋಡುವವರು ಅಂಗಡಿಯವರು. ಅವರು ಬೆಲೆ ಮುಟ್ಟುವಂತಿಲ್ಲ. ನಡುವೆ ಇದ್ದ ದಾರಿ ಸರಿದರ ಬಂದ ದಿನವೇ ಮುಚ್ಚಿಹೋಗಿತ್ತು. ಪಾರವ್ವ ಹಳೇ ಚಾಳಿ ಬಿಡಲಾರದೆ ಅದರಲ್ಲೊಂದು ಕಿಂಡಿ ಉಳಿಸಿದ್ದಳು.

*

ಸೋಮವಾರದ ಸಭೆಗೆ ಆ ಗೈಡಿನ ಪ್ರಕಾಶಕ ಹುಲಕೋಟಿ ಬಂದಿದ್ದ. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ.

"ಕೀಲಿ ನಿಲ್ಲಿಸ್ರಿ, ಮುಗೀತು. ಇದೇನ ಮುನ್ಸಿಪಾಲ್ಟಿ ನಳದ ಜಗಳೇನ್ರೀ?"

"ಒಂದು ಮಾತು ಕೇಳ್ರಿ ಸರ್," ಎಂದಳು ಚೇತನಾ. "ಆಮ್ಯಾಲ ನಿಲ್ಲಸ್ರಿ." ಕೊಳ್ಳದೆ ಹೋದವರ ಕಡೆಯ ಮಾತುಗಳನ್ನು ಒಂದರ ಹಿಂದೊಂದು ಹಾಕಿದಳು. ನೂರೆಂಬತ್ತು ಬೇ, ಮ್ಯಾಲ ಇಲ್ಲ. ನೂರಾ ತೊಂಬತ್ತು, ಕಡೀ ಮಾತು. ಇನ್ನೂರು ಕೊಡತೇನಿ, ಅಪ್ಪನ ಕಡೆಯಿಂದ ಬಂದಿದ್ದ ಅಷ್ಟು. ನೂರೆಂಬತ್ತೈದು. ನೂರೆಂಬತ್ತು. ಕಲ್ಮೇಶನ ದನಿ ಹಲವು ಸಲ ಬಂತು. ಒಂದು ದಿನ ಗಂಟಲು ಕಟ್ಟಿತ್ತು, ಆದರೂ ಬಂದು ಕೇಳಿದ್ದ.

ಹುಲಕೋಟಿ ಕನ್ನಡಕ ತೆಗೆದು ಒರೆಸಿಕೊಂಡ. "ಇವರೆಲ್ಲಾ ತಗೋಳ್ಳಿಲ್ಲೇನು?"

"ಇಲ್ಲ. ನಿಮ್ಮ ಗೈಡ್ ಎಲ್ಲಾ ಅಂಗಡ್ಯಾಗೂ ಸರಾಸರಿ ಮಾರಾಟ ಆಗತೈತಿ, ಅದಕ್ಕ ಬೆಲಿ ಸರಿ ಐತಿ ಅಂತ ನೀವು ತಿಳಕೊಂಡೀರಿ. ಎಲ್ಲಾ ಅಂಗಡ್ಯಾಗೂ ಇಷ್ಟ ಮಂದಿ ಹೊಳ್ಳಿ ಹೋಗತಿರಬೇಕು. ಉಳಿದ ಕಡೆ ಬಾಯಿ ಬಿಡಂಗಿಲ್ಲ, ಇಲ್ಲಿ ಬಿಡತಾರ."

"ನೂರಾ ತೊಂಬತ್ತು ಮಾಡಿದ್ರ ನನಗ ಅರವತ್ತು ಖೋತಾ."

"ಒಂದು ಕೀಲಿಗೆ ಅರವತ್ತಿಲ್ರಿ, ಅಂಗಡಿ ಪಾಲು ಹೋಗಿ ನಲವತ್ತೆರಡು. ಹೊಳ್ಳಿ ಹೋದವರು ತಗೊಂಡ್ರ ಒಟ್ಟು ಎಷ್ಟಾಗತೈತಿ, ನೀವ ನೋಡ್ರಿ."

ನಾಡಗೇರ ಗೋಡೆಯ ಕೆಂಪು ಚುಕ್ಕೆಯನ್ನೇ ನೋಡುತ್ತಿದ್ದ. "ಮತ್ತ ನಿಯಮ?"

"ಕೀಲಿ ತಗೊಂಡ ಬೆಲೇನ ಬೆಲಿ ಅಂತ ಬರಕೋರಿ ಸರ್. ಬಾಯಾಗ ಹೇಳಿದ್ದೆಲ್ಲಾ ಬೆಲಿ ಅಲ್ಲ."

ಬಹಳ ಹೊತ್ತು ಗದ್ದಲ ನಡೆಯಿತು. ಕಡೆಗೆ ಹುಲಕೋಟಿ ಒಂದು ತಿಂಗಳಿಗೆ ಒಪ್ಪಿದ, ಆ ಒಂದೇ ಪುಸ್ತಕಕ್ಕೆ, ನೂರಾ ತೊಂಬತ್ತಕ್ಕೆ. ಅಲ್ಲಿಯವರೆಗೆ ಪಾರವ್ವನ ಕೀಲಿ ನಿಲ್ಲಿಸುವುದಿಲ್ಲ. "ಮಾರಾಟ ಏರದಿದ್ರ ಆಕಿ ಅಂಗಡೀನೂ ಬಂದ್, ನಿನ್ನ ಶಾಣ್ಯಾತನಾನೂ ಬಂದ್," ಎಂದು ನಾಡಗೇರ ಚೇತನಾಳಿಗೆ ಹೇಳಿದ.

ಸುದ್ದಿ ಮುಟ್ಟಿಸಲು ಹೋದರೆ ಪಾರವ್ವ ಧನ್ಯವಾದ ಹೇಳಲಿಲ್ಲ.

"ನೂರಾ ತೊಂಬತ್ತು? ಅದರಾಗ ನನಗೆಷ್ಟು ಉಳೀತು? ನನ್ನ ಉಳಸಾಕ ಬಂದಿದ್ಯೋ, ಹೂಳಾಕ ಬಂದಿದ್ಯೋ? ಮ್ಯಾಲ ಎದುರಿನವನಿಗೂ ಅದ ಬೆಲಿ!"

"ಎಲ್ಲಾರಿಗೂ ಒಂದೇ ದರ ಅಲ್ರೀ."

"ಏನರ ಹಾಳ ದರಾನೋ. ಗಂಟಲ ಹರಕೊಂಡಾಕಿ ನಾನು, ಲಾಭ ಊರಿಗೆಲ್ಲಾ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಹೊಸ ದರಕ್ಕೆ ಮೊದಲು ಬಂದವ ಕಲ್ಮೇಶ. ಫಲಕ ನೋಡಿದ, ಜೇಬು ಮುಟ್ಟಿಕೊಂಡ. ಹತ್ತು ರೂಪಾಯಿ ಕಡಿಮೆಯಿತ್ತು, ಅದಕ್ಕೆ ಗೆಳೆಯನನ್ನು ಹಿಡಿದು ತಂದಿದ್ದ. "ಎಷ್ಟ ಬೇ?" ಎಂದ.

"ಎರಡುನೂರಾ ತೊಂಬತ್ತು," ಎಂದಳು ಪಾರವ್ವ, ಕಣ್ಣು ಪಿಳುಕಿಸದೆ.

"ಅಯ್ಯ, ಇವತ್ತರ ಸುಮ್ನ ಕೊಡು!"

"ಸುಮ್ನ ಕೊಟ್ರ ಸುಮ್ನ ಓದತೀಯ. ಕೇಳು, ಎಷ್ಟಕ್ಕ ಕೇಳತಿ?"

ಅವನು ಕೇಳಿದ. ನಡುವೆ ಎರಡು ಸಲ ಸಿಟ್ಟು ಮಾಡಿಕೊಂಡು ಹೊರಗೂ ಹೋಗಿ ಬಂದ. ನೂರಾ ತೊಂಬತ್ತಕ್ಕೆ ಕೀಲಿ ದಾಟಿತು.

*

ತಿಂಗಳ ಕೊನೆಗೆ ಗೈಡಿನ ಮಾರಾಟ ಹುಲಕೋಟಿಯ ಖೋತಾ ತುಂಬಿ ಮೇಲೆ ಬಂದಿತ್ತು. ಅವನು ಬೆಲೆಯನ್ನು ಹಾಗೇ ಬಿಟ್ಟ. ಇದು ತನ್ನದೇ ಉಪಾಯ ಎಂದು ಎರಡು ಸಭೆಗಳಲ್ಲಿ ಹೇಳಿಕೊಂಡ. ಬೇರೆ ಪ್ರಕಾಶಕರಲ್ಲಿ ಇಬ್ಬರು ತಮ್ಮ ಪುಸ್ತಕಕ್ಕೂ ಕಸದ ಬುಟ್ಟಿ ಕೇಳಿಸಿ ಎಂದರು, ಉಳಿದವರು ಕೇಳಲಿಲ್ಲ. ಪಾರವ್ವನಿಗೆ ಒಂದು ಕೀಲಿಯ ಪಾಲು ಕಡಿಮೆಯಾಯಿತು, ಕೀಲಿಗಳು ಹೆಚ್ಚಾದವು. ಕೂಡಿಸಿ ನೋಡಿದರೆ ಸ್ವಲ್ಪ ಮೇಲೇ. ಅದನ್ನು ಅವಳು ಯಾರೆದುರೂ ಒಪ್ಪಲಿಲ್ಲ. ನಿಯಮಕ್ಕೆ ಒಂದು ಸಾಲು ಸೇರಿತು, ಸಪ್ತಾಪುರದ ಚುಕ್ಕೆ ಹಸಿರಾಯಿತು.

ಪುಟಪೇಟೆಯವರು ಸುಮ್ಮನಿರಲಿಲ್ಲ. ಚೌಕಾಸಿ ಮಾಡುವ ಒಂದು ಪರದೆ ತಂದು ನಿಲ್ಲಿಸಿದರು. ಅದು ಸಿಹಿ ದನಿಯಲ್ಲಿ ಹೆಚ್ಚು ಹೇಳಿ, ಇಳಿದು ಇಳಿದು ನಿಗದಿಗೆ ಬರುತ್ತಿತ್ತು. ಹಾಸ್ಟೆಲಿನವರು ಎರಡು ದಿನ ಗುಂಪುಗಟ್ಟಿ ಆಡಿದರು. ಮೂರನೇ ದಿನ, ಬೇರೇನೂ ಮಾತಾಡದೆ ಮೂರು ಸಲ 'ಬ್ಯಾಡ' ಎಂದರೆ ಅದು ತಾನಾಗಿ ಇಳಿಯುತ್ತದೆ ಎಂದು ಕಂಡುಹಿಡಿದರು. ಅದು ಯಾರನ್ನೂ ಬೈಯುತ್ತಿರಲಿಲ್ಲ, ಹೋಗು ಅನ್ನುತ್ತಿರಲಿಲ್ಲ. ಪರದೆಯನ್ನು ಮತ್ತೆ ಯಾರೂ ಮಾತಾಡಿಸಲಿಲ್ಲ.

ಇನ್ನೊಂದು ಕಡೆ ಕಲ್ಮೇಶನ ಬಾಯಿ ಸುಮ್ಮನಿರದೆ, ಪೆಟ್ಟಿಗೆಯ ಕಿವಿ ಕೇಳಿಸಿಕೊಂಡೇ ಬೆಲೆ ಇಳಿದದ್ದು ಎಂದು ಇಡೀ ಹಾಸ್ಟೆಲಿಗೆ ಗೊತ್ತಾಯಿತು. ಮರುವಾರದಿಂದ ಎಲ್ಲರೂ ಪೆಟ್ಟಿಗೆಗೆ ಬಾಯಿ ಹತ್ತಿರ ತಂದು, "ಐವತ್ತು! ಕಡೀ ಮಾತು!" ಎಂದು ಕೂಗಿ ಹೋಗತೊಡಗಿದರು. ನಾಡಗೇರ ತಲೆ ಚಚ್ಚಿಕೊಂಡ. ಚೇತನಾಳಿಗೆ ಖರೇ ಬೆಲೆ ಯಾವುದು, ಪುಂಡಾಟದ ಬೆಲೆ ಯಾವುದು ಎಂದು ಬೇರ್ಪಡಿಸುವ ಕೆಲಸ ಹತ್ತಿತು. ಸಂಬಳ ಕೊಡುತ್ತಿದ್ದರು, ಅವಳು ಮಾಡುತ್ತಿದ್ದಳು. ಹಿಂದಿನ ಕೆಲಸಕ್ಕಿಂತ ಇದು ಚಲೋ ಇತ್ತು.

ಒಂದು ಭಾನುವಾರ ಶಾವಂತ್ರಿ ತಾನೂ ಅಂಗಡಿಗೆ ಬರುತ್ತೇನೆಂದಳು. ಅವಳು ಓದುತ್ತಿದ್ದುದು ಪತ್ತೇದಾರಿ ಕಾದಂಬರಿಗಳು, ಅದೂ ಅವರಿವರಿಂದ ಹಲಗೆ ಕಡ ತಂದು. ಈಗ ಚೇತನಾ ಅವಳಿಗೆಂದೇ ಒಂದು ಹಲಗೆ ಕೊಡಿಸಿದ್ದಳು. ಚೇತನಾ ಹೊರಗೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಳು. ಒಳಗಿನಿಂದ ಮಾತು ಕೇಳುತ್ತಿತ್ತು.

"ಇನ್ನೂರು."

"ಇದರಾಗ ಎಷ್ಟು ಖೂನಿ ಅದಾವ?"

"ಮೂರು."

"ಮೂರು ಖೂನಿಗೆ ಇನ್ನೂರೇನ ತಂಗಿ? ಅರವತ್ತು ಕೊಡತೇನಿ."

"ಅರವತ್ತಕ್ಕ ಒಂದು ಖೂನೀನೂ ಆಗಂಗಿಲ್ಲಕ್ಕಾ, ಗಾಯ ಆಗತೈತಿ."

ಚೇತನಾ ಎರಡನೇ ಲೋಟ ತರಿಸಿಕೊಂಡಳು. ಒಳಗೆ ಒಬ್ಬರ ಮೊಣಕಾಲಿನ ಸುದ್ದಿ ಬಂತು, ಇನ್ನೊಬ್ಬರ ಸೊಂಟದ ಸುದ್ದಿ ಬಂತು, ಮತ್ತೆ ದರಕ್ಕೆ ತಿರುಗಿತು. ಕಡೆಗೆ ಶಾವಂತ್ರಿ ಹೊಸ ಹಲಗೆಯನ್ನು ಎದೆಗವಚಿಕೊಂಡು ಹೊರಬಂದಳು. ಮುಖ ಅರಳಿತ್ತು.

"ನೂರಾ ಇಪ್ಪತ್ತಕ್ಕ ಇಳಿಸಿದೆ. ಎಂಬತ್ತು ಉಳೀತು."

ಚೇತನಾ ಬಾಗಿಲಿನಾಚೆ ಹೊಳೆಯುತ್ತಿದ್ದ ಫಲಕದ ಕಡೆ ಬೆರಳು ಮಾಡಿದಳು. ನೂರಾ ಇಪ್ಪತ್ತು ಎಂದಿತ್ತು.

"ಕಂಡೈತಿ. ಕುರುಡಿ ಅಲ್ಲ ನಾ." ಶಾವಂತ್ರಿ ಮಗಳ ಕೈಯಿಂದ ಲೋಟ ಕಸಿದುಕೊಂಡು ಉಳಿದ ಹಾಲು ಕುಡಿದಳು. "ಮುಂದಿನ ಸಲ ನೂರಾ ಹತ್ತಕ್ಕ ಕೇಳತೇನಿ."

"ಕೀಲಿ ದಾಟಂಗಿಲ್ಲವ್ವಾ."

"ದಾಟದಿದ್ರ ನೂರಾ ಹತ್ತಂತ ಹೇಳಿ ಎದ್ದು ಬರತೇನಿ. ಯಾಕ ಎದ್ದು ಬಂದೆ ಅನ್ನೂದನ್ನ ಕುಂತು ಕೇಳಾಕ ನೀ ಅದೀಯಲ್ಲ."